ರೇ ರೋಡಿನಲ್ಲಿ ತೊಟ್ಟಿಲ ಮರ

ಮೊಮ್ಮಗಳ ತೊಟ್ಟಿಲಿಗೆ ಮರ ಬೇಕಿತ್ತು; ಕೈಯಲ್ಲಿದ್ದ ಹಣ ಅಷ್ಟಕ್ಕಷ್ಟೆ. ಒಂದು ಶನಿವಾರ ನಾವಿಬ್ಬರೂ ಮುಂಬಯಿಯ ಹಾರ್ಬರ್ ಲೈನಿನ ಗಾಡಿ ಹತ್ತಿ ರೇ ರೋಡಿನಲ್ಲಿ ಇಳಿದೆವು. ಸಾಲುಸಾಲು ಮರದಂಗಡಿಗಳು, ಗರಗಸದ ಕಿರುಚಾಟ, ಹೊಟ್ಟಿನ ವಾಸನೆ. ಎಳೆತನದಲ್ಲಿ ಕಂಡ ದಾಂಡೇಲಿಯ ನಾಟಾ ಡಿಪೋ ನೆನಪಾಗದೆ ಇದ್ದೀತೆ?

ಬೆಲೆ ಕೇಳಿದೊಡನೆ ಹೊಸ ಸಾಗುವಾನಿಯ ಮೇಲಿಟ್ಟ ಕೈ ತಾನಾಗಿ ಹಿಂದೆ ಬಂತು. ಅಂಗಡಿಯಾತ ಹಳೆಯ ಪ್ಯಾಲೆಟ್ಟುಗಳ ರಾಶಿ ತೋರಿಸಿದ. ಪೈನ್ ಮರ, ಹಗುರ, ಅಗ್ಗ, ಹಡಗಿನ ಸರಕು ಹೊರಲು ತಕ್ಕುದೇ. ಆದರೆ ಸಾಗುವಾನಿಗಿರುವಂತೆ ಒಡಲಲ್ಲಿ ಎಣ್ಣೆಯಿಲ್ಲ. ಮಳೆಗೂ ಗೆದ್ದಲಿಗೂ ಬೇಗ ಸೋಲುತ್ತದೆ. ಕನ್ನಡಕವೇರಿಸಿ ಹಲಗೆಯ ಮುದ್ರೆ ಓದಿದೆವು. ‘ಎಚ್‌ಟಿ’ ಎಂದಿದ್ದರೆ, ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಟ್ಟು ಹುಳು ಕೊಂದಿದ್ದಾರೆಂದು ಅರ್ಥ; ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು. ನಮ್ಮ ಕೈಯಲ್ಲಿದ್ದುದು ‘ಎಂಬಿ’!

“ಹಲ್ಲು ಮೂಡುವಾಗ ಕೂಸು ತೊಟ್ಟಿಲನ್ನೇ ಕಚ್ಚುತ್ತದೆ” ಎಂದರು ಮನೆಯವರು. ಅಲ್ಲಿಗೆ ಮಾತು ಮುಗಿಯಿತು.

ಕೊನೆಗೆ, ಕೆಡವಿದ ಯಾವುದೋ ಮನೆಯ ಸಾಗುವಾನಿ ಬಾಗಿಲೊಂದು ಸಿಕ್ಕಿತು. ಬರ್ಮಾದ್ದೆಂದು ಅಂಗಡಿಯಾತನ ಆಣೆ. ನಾವು ನಂಬಲಿಲ್ಲ, ಕೊಂಡೆವು. ಬಡಗಿ ಎಷ್ಟು ಉಜ್ಜಿದರೂ ತೊಟ್ಟಿಲ ಪಟ್ಟಿಯಲ್ಲಿ ಹಳೆಯ ಚಿಲಕದ ಗುರುತು ಉಳಿದೇ ಇದೆ.