ಖಾಸಗಿ ಎಂದು ಬರೆದ ಪೆಟ್ಟಿಗೆ

ಮೈಸೂರು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೊ ನೋಡಿದೆ. ಅಜ್ಜನ ಸ್ಟುಡಿಯೊದ ಪರದೆ ಮುಂದೆ ಇಬ್ಬರು ಹೆಂಗಸರು. ಒಬ್ಬರು ಕಚ್ಚೆಪಂಚೆ, ಕೋಟು, ಪೇಟ ತೊಟ್ಟು ಕುರ್ಚಿಯಲ್ಲಿ ಕೂತಿದ್ದಾರೆ. ಸೀರೆಯುಟ್ಟವರು ಅವರ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾರೆ. "ಇವರೂ ನಮ್ಮಂಥವರಾ ಅತ್ತೆ?" ಎಂದು ಕೇಳಿದ್ದೀಯ. ಫೋನಿನಲ್ಲಿ ಹೌದು, ಅಲ್ಲ ಎಂದು ಮುಗಿಸುವ ಪ್ರಶ್ನೆಯಲ್ಲ ಅದು. ಅದಕ್ಕೇ ಈ ಕಾಗದ. ಮೊದಲು ಇಂಥದೇ ಫೋಟೊಗಳ ಒಂದು ಕಥೆ ಹೇಳುತ್ತೇನೆ.

ನಾರ್ವೆಯಲ್ಲಿ, ಹಿಂದೆ ನೌಕಾನೆಲೆಯಿದ್ದ ಹೊರ್ಟೆನ್ ಎಂಬ ಊರಿದೆ. ಮರಿಯಾ ಹೋಗ್, ಬೊಲೆಟ್ ಬರ್ಗ್ ಎಂಬ ಇಬ್ಬರು ಹೆಂಗಸರು 1895ರಲ್ಲಿ ಅಲ್ಲಿ ಸ್ಟುಡಿಯೊ ತೆರೆದರು. ನಮ್ಮ ಅಪ್ಪನ, ಅಂದರೆ ನಿನ್ನ ಅಜ್ಜನ, ಹಾಗೆಯೇ ಹಗಲೆಲ್ಲ ಊರಿನವರ ಭಾವಚಿತ್ರ ತೆಗೆದು ಬದುಕಿದರು. ಮರಿಯಾ ಊರಿನ ಹೆಂಗಸರನ್ನು ಸೇರಿಸಿ ಚರ್ಚಾಕೂಟ ಕಟ್ಟಿದ ಗಟ್ಟಿಗಿತ್ತಿ. 1903ರಲ್ಲಿ ಇಬ್ಬರೂ ರಾಜಧಾನಿಗೆ ಹೋಗಿ ಪ್ರಕಾಶನ ನಡೆಸಿದರು. ಬೊಲೆಟ್ 1944ರಲ್ಲಿ, ಮರಿಯಾ 1949ರಲ್ಲಿ ತೀರಿಕೊಂಡರು. ಕೊನೆತನಕ ಜೊತೆಯಲ್ಲೇ ಬಾಳಿದರು.

1980ರ ದಶಕದಲ್ಲಿ ಅವರಿದ್ದ ತೋಟದ ಮನೆಯ ಕೊಟ್ಟಿಗೆಯಲ್ಲಿ 440 ಗಾಜಿನ ನೆಗೆಟಿವ್‌ಗಳು ಸಿಕ್ಕವು. ಹೆಚ್ಚಿನವು ಊರು, ಬೆಟ್ಟ, ಕೊಳ್ಳಗಳ ಚಿತ್ರ. ಅವುಗಳ ನಡುವೆ "ಖಾಸಗಿ" ಎಂದು ಬರೆದ ಪೆಟ್ಟಿಗೆಯೂ ಇತ್ತು. ಅದರಲ್ಲಿ ಮರಿಯಾ ಗಂಡಸಿನ ಉಡುಪಿನಲ್ಲಿ, ಮೀಸೆ ಇಟ್ಟು ನಿಂತಿದ್ದಾಳೆ. ಧ್ರುವಪ್ರದೇಶಕ್ಕೆ ಹೊರಟವಳಂತೆ ತುಪ್ಪಳದ ಅಂಗಿ ತೊಟ್ಟಿದ್ದಾಳೆ. ಅವಳ ಸಹೋದರ ಕಾರ್ಲ್ ಹೆಂಗಸಿನ ವೇಷದಲ್ಲಿದ್ದಾನೆ. ಈಗ ಅವೆಲ್ಲ ಹೊರ್ಟೆನ್‌ನ ಪ್ರೆಯುಸ್ ಮ್ಯೂಸಿಯಂನಲ್ಲಿವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೀಸೆಯಲ್ಲ, ಆ ನೆಗೆಟಿವ್‌ಗಳು ಉಳಿದ ಬಗೆ. ಗಾಜಿನ ಪ್ಲೇಟು ಎಷ್ಟು ಭಾರ, ಎಷ್ಟು ಬೇಗ ಒಡೆಯುತ್ತದೆ ಎನ್ನುವುದು ಸ್ಟುಡಿಯೊ ಮನೆಯಲ್ಲಿ ಬೆಳೆದ ನನಗೆ ಗೊತ್ತು. ಅಳಿಸಬೇಕೆಂದಿದ್ದರೆ ಬಿಸಿನೀರಿನಲ್ಲಿ ನೆನೆಸಿ ಉಜ್ಜಿದ್ದರೆ ಸಾಕಿತ್ತು, ಬರೀ ಗಾಜು ಉಳಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಮನೆ ಬದಲಿಸಿದಾಗಲೂ ಜೋಪಾನವಾಗಿ ಹೊತ್ತೊಯ್ದರು. ಬಹಿರಂಗಪಡಿಸಲಿಲ್ಲ, ಕಳೆದುಹೋಗಲೂ ಬಿಡಲಿಲ್ಲ. ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರೋ, ಇವತ್ತಿನ ಹೆಸರುಗಳನ್ನು ಒಪ್ಪುತ್ತಿದ್ದರೋ ಇಲ್ಲವೋ, ಆ ಪೆಟ್ಟಿಗೆಯನ್ನು ಉಳಿಸಿಕೊಂಡದ್ದು ಅವರದೇ ತೀರ್ಮಾನ. ನಾನು ನಂಬುವ ಸಾಕ್ಷಿ ಅದು.

ನಾರ್ವೆಯಲ್ಲಿ ಗಂಡಸರ ನಡುವಿನ ಸಂಬಂಧ 1972ರವರೆಗೂ ಅಪರಾಧವಾಗಿತ್ತು. ಹೆಂಗಸರ ವಿಷಯವನ್ನು ಆ ಕಾನೂನು ಎತ್ತಿರಲೇ ಇಲ್ಲ. ಹಾಗಾಗಿ ಗಂಡಸರ ಕಥೆಯನ್ನು ಪೊಲೀಸ್ ಕಡತಗಳಲ್ಲಾದರೂ ಹುಡುಕಬಹುದು. ಅಲ್ಲಿ ಸಿಗುವುದು ಅವಮಾನದ ಭಾಷೆಯಲ್ಲಿ, ನಿಜ. ಹೆಂಗಸರನ್ನು ಹುಡುಕಬೇಕಾದದ್ದು ಇಂಥ ಪೆಟ್ಟಿಗೆ, ಟ್ರಂಕುಗಳಲ್ಲಿ. ಅದಕ್ಕೇ ಅಣ್ಣ ನಮ್ಮ ಅಪ್ಪನ ಸ್ಟುಡಿಯೊದ ನೆಗೆಟಿವ್‌ಗಳನ್ನೆಲ್ಲ ಗುಜರಿಗೆ ಹಾಕುತ್ತೇನೆ ಅಂದಾಗ ಎದೆ ಧಸಕ್ಕೆಂದಿತು.

ಆದರೆ ವೇಷ ಕಂಡ ಕೂಡಲೇ ತೀರ್ಮಾನಕ್ಕೆ ಬರಬೇಡ ಕಂದಾ. ನಾಟಕದ ನಾಡು ನಮ್ಮದು. ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. ನಿನ್ನ ಫೋಟೊದ ಕೋಟು, ಪೇಟವೂ ಯಾವುದೋ ಶಾಲೆಯ ವಾರ್ಷಿಕೋತ್ಸವದ್ದಿರಬಹುದು. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಗಂಡು ಹೆಣ್ಣು ಹೀಗೆ ನಿಂತಿದ್ದರೆ ಗಂಡ ಹೆಂಡತಿ ಎಂದು ಯಾರನ್ನೂ ಕೇಳದೆ ಬರೆಯುತ್ತೇವೆ. ಇಬ್ಬರು ಹೆಂಗಸರಾದರೆ ಮಾತ್ರ ಗೆಳತಿಯರು, ಅಕ್ಕತಂಗಿಯರು ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಅದೂ ಊಹೆಯೇ ತಾನೆ? ನೀನು ಯಾವ ಊಹೆಯನ್ನೂ ಬರೆಯಬೇಡ. ಏನು ಕಾಣುತ್ತದೋ ಅಷ್ಟು ಬರೆ.

ಈಗ ಕೆಲಸದ ಮಾತು. ನೆಗೆಟಿವನ್ನು ಅಂಚಿನಲ್ಲಿ ಹಿಡಿ. ಮಂಕಾಗಿ ಕಾಣುವ ಬದಿಗೆ ಬೆರಳಾಗಲಿ ಒದ್ದೆ ಬಟ್ಟೆಯಾಗಲಿ ತಾಗಬಾರದು, ಚಿತ್ರವಿರುವುದು ಅಲ್ಲೇ. ಮುಖಗಳ ಮೇಲೆ ಸಣ್ಣ ಪೆನ್ಸಿಲ್ ಗೀರುಗಳು ಕಂಡರೆ ಕೊಳೆ ಅಂದುಕೊಳ್ಳಬೇಡ, ಅವು ಅಪ್ಪ ಟಚಿಂಗ್ ಮಾಡಿದ ಗುರುತು. ಕವರಿನ ಮೇಲೆ ಅವರು ಬರೆದ ನಂಬರು, ತಾರೀಖುಗಳನ್ನು ಹಾಗೇ ಉಳಿಸು. ಲೆಡ್ಜರ್ ಸಿಕ್ಕರೆ ಜೊತೆಗಿಡು, ಹೆಸರುಗಳಿರುವುದು ಅದರಲ್ಲಿ.

ಬೆಂಗಳೂರಿನ ಲಾ ಸ್ಕೂಲಿನಲ್ಲಿ 'ಕಮ್ರಾ' ಎಂಬ ಕ್ವಿಯರ್ ದಾಖಲೆ ಸಂಗ್ರಹವಿದೆ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ ವಿರುದ್ಧದ ಹೋರಾಟದ ಕಾಗದಪತ್ರ, ಚಿತ್ರೀಕರಣಗಳನ್ನು ಅಲ್ಲಿ ಕಾಪಾಡಿದ್ದಾರೆ. ಅವರ ಸಲಹೆ ಕೇಳೋಣ. ಅದಕ್ಕೂ ಮುಂಚೆ ಫೋಟೊದಲ್ಲಿರುವವರ ಮನೆಯವರು ಯಾರಾದರೂ ಊರಿನಲ್ಲಿದ್ದಾರಾ ವಿಚಾರಿಸಬೇಕು. ಆ ಇಬ್ಬರು ಮುಚ್ಚಿಟ್ಟದ್ದನ್ನು ಹಿಂದುಮುಂದು ನೋಡದೆ ಬಯಲಿಗೆಳೆಯುವ ಹಕ್ಕು ನಮಗಿಲ್ಲ.

ಅಣ್ಣನ ಹತ್ತಿರ ನಾನೇ ಮಾತಾಡುತ್ತೇನೆ, ನೆಗೆಟಿವ್ ವಿಷಯವೂ, ನಿನ್ನ ವಿಷಯವೂ. ನೀನು ಹೇಳು ಅನ್ನುವ ತನಕ ಎರಡನೆಯದಕ್ಕೆ ಬಾಯಿ ಬಿಡುವುದಿಲ್ಲ. ದೀಪಾವಳಿಗೆ ನಿನ್ನ ಮೇಘಾಳನ್ನು ಇಲ್ಲಿಗೆ ಕರೆದುಕೊಂಡು ಬಾ. ಅವಳಿಗೆ ಖಾರ ಆಗುವುದಿಲ್ಲ ಅಂದಿದ್ದೆಯಲ್ಲ, ನೆನಪಿದೆ.

ನಿನ್ನ
ಅತ್ತೆ