ಆವಕ-ಜಾವಕ

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಬಿ.ಎಸ್‌ಸಿ. ಓದಿದ ಗುಮಾಸ್ತನಾಗಿರುವುದು ಒಂದು ವಿಚಿತ್ರ ಪಾಡು. ಬಿ.ಎ. ಆದವರನ್ನು ಯಾರೂ ಇತಿಹಾಸ ಕೇಳುವುದಿಲ್ಲ. ಬಿ.ಕಾಂ. ಆದವರಿಗೆ ಲೆಕ್ಕದ ವಿಭಾಗ ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಬಿ.ಎಸ್‌ಸಿ.ಯವನಿಗೆ ಮಾತ್ರ ಫ್ಯಾನು ತಿರುಗದಿದ್ದರೂ, ಝೆರಾಕ್ಸ್ ಯಂತ್ರ ಕಾಗದ ನುಂಗಿದರೂ, "ನೀವು ಸೈನ್ಸಿನವರಲ್ಲವೇ, ಸ್ವಲ್ಪ ನೋಡಿ" ಎಂಬ ಅಪ್ಪಣೆ. ಕಲಬುರಗಿಯಲ್ಲಿ ನಾನು ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಕಾಲೇಜಿನ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಾಗಿತ್ತು ಎಂಬುದಷ್ಟೇ ಆ ವಿಷಯದಲ್ಲಿ ನನ್ನ ಜ್ಞಾನ.

ಹೀಗಾಗಿ ನಮ್ಮ ಕಚೇರಿಗೆ 'ಲೋಡ್ ಬ್ಯಾಲೆನ್ಸರ್' ಬರುವುದೆಂದು ಆದೇಶವಾದಾಗ ಅದನ್ನು ಬರಮಾಡಿಕೊಳ್ಳುವ ಕೆಲಸ ನನ್ನ ಪಾಲಿಗೇ ಬಂತು. ಬರಮಾಡಿಕೊಳ್ಳಲು ಪೆಟ್ಟಿಗೆಯೇ ಇರಲಿಲ್ಲ ಎನ್ನುವುದು ಬೇರೆ ಮಾತು. ಅದು ವರ್ಚುವಲ್, ಎಂದರೆ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಲೆಕ್ಕದ ಮೇಲೆ ಮಾತ್ರ ಇರುವ ಇನ್ನೊಂದು ಯಂತ್ರ. ಅದಕ್ಕೆ ತಂತಿಯಿಲ್ಲ, ಆದರೆ ತಂತಿ ಸಿಕ್ಕಿಸುವ ಕಾಲ್ಪನಿಕ ಸ್ವಿಚ್ಚಿದೆ. ಉಗ್ರಾಣದ ದಾಸ್ತಾನು ಪುಸ್ತಕದಲ್ಲಿ ಇದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ಎರಡು ದಿನ ಚರ್ಚೆಯಾಯಿತು.

ಅದರ ಕೆಲಸ ಇಷ್ಟೆ. ಪಿಂಚಣಿ ಕಾಗದಪತ್ರಗಳ ಕೆಲಸ ಮಾಡುವ ನಮ್ಮ ಸರ್ವರ್ ಒಂದೇ ಇತ್ತು. ನವೆಂಬರ್ ಬಂತೆಂದರೆ ಏದುಸಿರು ಬಿಡುತ್ತಿತ್ತು. ಎರಡನೆಯದನ್ನು ಕೊಟ್ಟರು. ಶಾಖೆಗಳಿಗೆ ಎರಡು ವಿಳಾಸ ಕೊಡುವಂತಿಲ್ಲ. ಆದ್ದರಿಂದ ಮುಂದೆ ಒಂದೇ ವಿಳಾಸವಿಟ್ಟುಕೊಂಡು ಇದು ಕುಳಿತಿರುತ್ತದೆ. ಬಂದ ಅರ್ಜಿಯನ್ನು ಒಮ್ಮೆ ಇವನಿಗೆ, ಒಮ್ಮೆ ಅವನಿಗೆ ದಾಟಿಸುತ್ತದೆ. ನಡುನಡುವೆ ಐದೈದು ಸೆಕೆಂಡಿಗೊಮ್ಮೆ ಇಬ್ಬರನ್ನೂ "ಬದುಕಿದ್ದೀಯಾ?" ಎಂದು ವಿಚಾರಿಸುತ್ತದೆ. ಪಿಂಚಣಿದಾರರ ಜೀವಂತ ಪ್ರಮಾಣಪತ್ರ ವರ್ಷಕ್ಕೊಮ್ಮೆ ಸಾಕು. ಸರ್ವರುಗಳ ಮೇಲೆ ಅಷ್ಟೂ ವಿಶ್ವಾಸವಿಲ್ಲ.

ಇದೆಲ್ಲ ನಡೆಯುತ್ತಿದ್ದಾಗ ನನ್ನ ಮೇಜಿನ ಮೇಲೆ ಒಂದು ಫೈಲಿತ್ತು. ವೇರೂಳಿನ ಗುಹೆಗಳಲ್ಲಿ ಕಾವಲು ಕಾಯ್ದು ನಿವೃತ್ತನಾದವನೊಬ್ಬ ತೀರಿಕೊಂಡಿದ್ದ. ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರು ಒಂದು ಬಗೆಯಾಗಿತ್ತು, ಆಧಾರಿನಲ್ಲಿ ಇನ್ನೊಂದು ಬಗೆ. ಬ್ಯಾಂಕಿನವರು ಕುಟುಂಬ ಪಿಂಚಣಿಯನ್ನು ತಡೆದಿದ್ದರು. ತಿದ್ದುಪಡಿಗೆ ಸಹಿಯಾಗಿತ್ತು, ಅದು ಈ ಸರ್ವರಿನ ಮೂಲಕವೇ ಹೋಗಬೇಕು. ಆ ತಾಯಿ ಮೂರು ಸಲ ಎಸ್.ಟಿ. ಬಸ್ಸಿನಲ್ಲಿ ಬಂದು, ನಮ್ಮ ಬೆಂಚಿನ ಮೇಲೆ ಕುಳಿತು, ಸಂಜೆಗೆ ಹಿಂತಿರುಗಿದ್ದರು. ಮೂರು ತಿಂಗಳಿನಿಂದ ಮನೆಗೆ ಒಂದು ಪೈಸೆ ಬಂದಿರಲಿಲ್ಲ.

ಜೋಡಣೆಗೆ ಬಂದ ಗುತ್ತಿಗೆ ಕಂಪನಿಯ ಹುಡುಗ ವಿಜಯಪುರದವನು. ಕನ್ನಡ ಕೇಳಿ ಜೀವಕ್ಕೆ ತಂಪಾಯಿತು. ಐ.ಪಿ. ವಿಳಾಸ, ಮಾಸ್ಕು, ಗೇಟ್‌ವೇ ಎಲ್ಲ ತುಂಬಿ, "ಪಿಂಗ್ ಬರಾಕತ್ತೈತ್ರಿ ಸರ, ಲೈನ್ ಛಲೋ ಐತಿ" ಎಂದ. ಪಿಂಗ್ ಎಂದರೆ ಕದ ತಟ್ಟಿದರೆ ಒಳಗಿನಿಂದ 'ಹ್ಞಾಂ' ಎನ್ನುವುದು.

"ಪಿಂಗ್ ಬಂದ್ರ ಏನಾತು ತಮ್ಮಾ, ಪಾನಾ ತೆರೀವಲ್ದಲ್ಲ" ಎಂದೆ.

ನಿಜಕ್ಕೂ ತೆರೆಯುತ್ತಿರಲಿಲ್ಲ. ಎರಡೂ ಸರ್ವರಿನ ಮುಂದೆ ಹಸಿರು ದೀಪ. ಶಾಖೆಗಳಲ್ಲಿ ಬಿಳಿಯ ಪರದೆ. ಎರಡು ದಿನ ಅವನು ಊಟ ಬಿಟ್ಟು ಹುಡುಕಿದ. ಅವನ ಮೇಲಧಿಕಾರಿ ಫೋನಿನಲ್ಲಿ ನಮ್ಮ ಲೈನನ್ನೇ ದೂರಿದ.

ನಾನು ಟಪಾಲು ವಿಭಾಗದಲ್ಲಿ ಆರು ವರ್ಷ ಸವೆಸಿದವನು. ಆವಕ ಪುಸ್ತಕದಲ್ಲಿ ದಾಖಲಾದ ಪತ್ರಕ್ಕೆ ಉತ್ತರವೂ ಜಾವಕ ಪುಸ್ತಕದ ಮೂಲಕವೇ ಹೋಗಬೇಕು ಎಂಬುದು ಅಲ್ಲಿನ ಮೊದಲ ಪಾಠ. ಯಾವುದೋ ವಿಭಾಗದವನು ತನ್ನ ಹೆಸರಿನಲ್ಲಿ ನೇರವಾಗಿ ಉತ್ತರಿಸಿದರೆ ಪಾರ್ಟಿ ಅದನ್ನು ನಂಬುವುದಿಲ್ಲ. ಆದ್ದರಿಂದ ಸುಮ್ಮನೆ ಕೇಳಿದೆ: "ಪತ್ರ ಬಾಗಿಲದಾಗ ಬರ್ತದ, ಒಳಗ ಹೋಗ್ತದ. ಉತ್ತರ ಯಾರ ಹೆಸರಿನ್ಯಾಗ ಹೊರಗ ಹೋಗ್ತದ?"

ಹುಡುಗ ಒಂದು ಗಳಿಗೆ ನನ್ನ ಮುಖ ನೋಡಿ, "ಗೇಟ್‌ವೇ ಹಳೇದೈತ್ರಿ ಸರ!" ಎಂದು ಕುರ್ಚಿ ಎಳೆದುಕೊಂಡ.

ಸಂಗತಿ ಹೀಗಿತ್ತು. ಸರ್ವರುಗಳು ಹಳೆಯ ರೂಟರನ್ನೇ ಹೊರಬಾಗಿಲೆಂದು ನಂಬಿದ್ದವು. ಶಾಖೆಯ ಅರ್ಜಿ ಬ್ಯಾಲೆನ್ಸರ್ ಮೂಲಕ ಬಂದರೂ ಉತ್ತರ ಹಳೆಯ ದಾರಿಯಲ್ಲಿ, ಸರ್ವರಿನ ಸ್ವಂತ ವಿಳಾಸದಿಂದ ಹೋಗುತ್ತಿತ್ತು. ತಾನು ಪತ್ರ ಬರೆದದ್ದೇ ಬೇರೆ ವಿಳಾಸಕ್ಕೆ ಎಂದು ಶಾಖೆಯ ಕಂಪ್ಯೂಟರು ಅದನ್ನು ಬಿಸಾಡುತ್ತಿತ್ತು. ಪಿಂಗಿಗೆ ಮಾತ್ರ ಬಾಗಿಲ ಬಳಿಯ ಬ್ಯಾಲೆನ್ಸರೇ 'ಹ್ಞಾಂ' ಎನ್ನುತ್ತಿದ್ದುದರಿಂದ ಒಳಗಿನ ಈ ರಾದ್ಧಾಂತ ಯಾರಿಗೂ ತಿಳಿದಿರಲಿಲ್ಲ. 'ಬದುಕಿದ್ದೀಯಾ' ಪ್ರಶ್ನೆಯಾದರೂ ಪಕ್ಕದ ಮನೆಯವರ ಮಾತಿನಂತೆ. ಅದು ಹೊರಬಾಗಿಲಿಗೆ ಬರುವುದೇ ಇಲ್ಲ.

ಸುಲಭದ ಉಪಾಯವೆಂದರೆ ಬ್ಯಾಲೆನ್ಸರ್ ಎಲ್ಲ ಅರ್ಜಿಗಳ ಮೇಲೂ ತನ್ನದೇ ವಿಳಾಸ ಬರೆದು ಒಳಗೆ ಕಳಿಸುವುದು. ಆಗ ಉತ್ತರ ಅದಕ್ಕೇ ಹಿಂತಿರುಗುತ್ತದೆ. ಸಾಹೇಬರು ಕೂಡಲೇ ಒಪ್ಪಿದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಸರ್ವರಿನ ದಾಖಲೆಯಲ್ಲಿ ಎಲ್ಲವೂ ಒಬ್ಬನಿಂದಲೇ ಬಂದಂತೆ ಕಾಣುತ್ತದೆ. ಯಾವ ಶಾಖೆಯಿಂದ ಯಾವ ತಿದ್ದುಪಡಿ ಬಂತೆಂದು ನಾಳೆ ಆಡಿಟ್ಟಿನವರು ಕೇಳಿದರೆ ತೋರಿಸುವುದೇನು? ಪಿಂಚಣಿಯ ಹಣದಲ್ಲಿ ಇದು ಸಣ್ಣ ಮಾತಲ್ಲ. ಕೊನೆಗೆ ಲಕೋಟೆಯ ಮೂಲೆಯಲ್ಲಿ ಮೂಲ ಕಳುಹಿಸಿದವನ ವಿಳಾಸವನ್ನೂ ನಮೂದಿಸುವಂತೆ, ಸರ್ವರು ಅದನ್ನೇ ಓದಿ ದಾಖಲಿಸುವಂತೆ ಹುಡುಗ ವ್ಯವಸ್ಥೆ ಮಾಡಿದ. ಇನ್ನೊಂದು ದಿನ ಹಿಡಿಯಿತು. ಸಾಹೇಬರ ಮುಖ ಆ ದಿನವೆಲ್ಲ ಬಿಗಿದೇ ಇತ್ತು. ಮರುದಿನ ಹನ್ನೊಂದು ಗಂಟೆಗೆ ಮೊದಲು ಹೋದದ್ದು ವೇರೂಳಿನ ಫೈಲು.

ಭಾನುವಾರ ಹುಡುಗನಿಗೆ ಕೈಲಾಸ ತೋರಿಸಲು ಕರೆದೊಯ್ದೆ. ಆದೇಶದ ಪ್ರತಿಯೂ ಜೇಬಿನಲ್ಲಿತ್ತು. (ಮುಂಬಯಿಯಿಂದ ಬರುವವರಿಗೆ ಒಂದು ಸೂಚನೆ: ವೇರೂಳಿಗೆ ಮಂಗಳವಾರ ರಜೆ, ಅಜಂತೆಗೆ ಸೋಮವಾರ.) ರಾಷ್ಟ್ರಕೂಟರ ಒಂದನೆಯ ಕೃಷ್ಣ ಎಂಟನೆಯ ಶತಮಾನದಲ್ಲಿ ಮೇಲಿನಿಂದ ಕೆಳಕ್ಕೆ ಕಡೆಸಿದ ಗುಡಿ. ಹಿಂಬದಿಯ ಬಂಡೆಯೇ ಸುಮಾರು 107 ಅಡಿ. ಅದೇ ವಂಶದವರು ಮುಂದೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದರು. 1956ರವರೆಗೆ ಮಳಖೇಡವೂ ವೇರೂಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಾನು ಅಲ್ಲಿಂದ ಇಲ್ಲಿಗೆ ಬಂದದ್ದು ಅಂಥ ದೂರವೇನಲ್ಲ ಎಂದು ಮನೆಯವಳಿಗೆ ಹೇಳುತ್ತಿರುತ್ತೇನೆ, ಅವಳು ನಂಬುವುದಿಲ್ಲ.

ಗುಡಿಯ ಅಡಿಯಲ್ಲಿ ಸಾಲು ಆನೆಗಳು ಇಡೀ ಕೈಲಾಸವನ್ನು ಹೊತ್ತಂತೆ ನಿಂತಿವೆ. ಮೇಲಿನಿಂದ ಕಡೆಯುತ್ತ ಬಂದವರಿಗೆ ಅವು ಸಿಕ್ಕಿದ್ದು ಕಟ್ಟಕಡೆಗೆ. ಅಷ್ಟು ಹೊತ್ತಿಗೆ ಗುಡಿ ತಾನೇ ನಿಂತಿತ್ತು. ಹುಡುಗ ಬಹಳ ಹೊತ್ತು ನೋಡಿ, "ಇವೂ ವರ್ಚುವಲ್ ಏನ್ರಿ ಸರ?" ಎಂದ.

ಆ ತಾಯಿಯ ಮನೆ ಘೃಷ್ಣೇಶ್ವರದ ಹಿಂದಿನ ಓಣಿಯಲ್ಲಿ. ಆದೇಶವನ್ನು ಮೊಮ್ಮಗಳ ಕೈಯಲ್ಲಿ ಎರಡು ಸಲ ಓದಿಸಿದರು, ಹೆಸರಿನ ಮೇಲೆ ಬೆರಳಿಟ್ಟು. ಚಹಾ ಕೊಟ್ಟರು. ಮೂರು ತಿಂಗಳ ಬಾಕಿಯೂ ಕೂಡಿ ಬರುವುದೇ ಎಂದು ಮರಾಠಿಯಲ್ಲಿ ಕೇಳಿದರು. ಬರುತ್ತದೆ ಎಂದೆ. ಗುರುವಾರ ಜಮೆಯಾಯಿತೆಂದು ಅವರ ಮಗ ಫೋನು ಮಾಡಿದ.