ಹಿಂದಿನ ಈಡಿನ ಮಸಿ

ಹುಟ್ಟು ಸಸ್ಯಾಹಾರಿಯಾದ ನಾನು ವರ್ಷಕ್ಕೆ ಎಷ್ಟು ಕೋಳಿ, ಹಂದಿ, ಟಗರು ಉರುಳಿಸುತ್ತೇನೆಂದು ಊರಿನವರಿಗೆ ಗೊತ್ತಾದರೆ ಮುಂದಿನ ಸಮಾರಾಧನೆಯ ಪಂಕ್ತಿಯಲ್ಲಿ ನನಗೆ ಎಲೆ ಸಿಗುವುದು ಅನುಮಾನ. ಎಲ್ಲವೂ ಉಕ್ಕಿನವು ಎಂಬುದೊಂದೇ ಸಮಾಧಾನ. ಕೋಳಿ 200 ಮೀಟರ್ ದೂರದಲ್ಲಿ, ಹಂದಿ 300ರಲ್ಲಿ, ಟರ್ಕಿ 385ರಲ್ಲಿ, ಟಗರು 500ರಲ್ಲಿ ಸಾಲಾಗಿ ನಿಂತಿರುತ್ತವೆ. ಗುಂಡು ತಾಗಿದರೆ ಸಾಲದು, ಪ್ರಾಣಿ ಬೀಳಬೇಕು. ಮೆಕ್ಸಿಕೋದಲ್ಲಿ ಹುಟ್ಟಿದ ಈ ಆಟವನ್ನು ಅಮೆರಿಕದವರು ತಮ್ಮದು ಮಾಡಿಕೊಂಡು, 1980ರ ದಶಕದಲ್ಲಿ ಅದಕ್ಕೊಂದು ಹಳೆಗಾಲದ ಕವಲು ಸೇರಿಸಿದರು. ಅದರಲ್ಲಿ ಕೋವಿ 19ನೇ ಶತಮಾನದ ಮಾದರಿಯದಾಗಿರಬೇಕು, ಒಂದು ಸಲಕ್ಕೆ ಒಂದೇ ತೋಟಾ ಹಿಡಿಸುವಂಥದ್ದಾಗಿರಬೇಕು. ಗುಂಡು ಸೀಸದ್ದು, ಮದ್ದು ಹೊಗೆ ಕಾರುವ ಕರಿಮದ್ದು.

ಡೆನ್ವರಿನಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಹೋದರೆ, ನ್ಯೂ ಮೆಕ್ಸಿಕೋದ ಗಡಿ ದಾಟುತ್ತಲೇ ರಾಟನ್ ಎಂಬ ಊರು ಸಿಗುತ್ತದೆ. ಅದರ ಹೊರಗೆ ಈ ಆಟದ ದೊಡ್ಡ ಮೈದಾನವಿದೆ. ಟಗರಿಗೆ ಗುರಿಯಿಟ್ಟು ಕುದುರೆ ಎಳೆದರೆ ಗುಂಡು ಅಲ್ಲಿ ಮುಟ್ಟಲು ಹತ್ತಿರಹತ್ತಿರ ಒಂದೂವರೆ ಸೆಕೆಂಡು, ಠಣ್ ಎಂಬ ಸದ್ದು ವಾಪಸು ಬರಲು ಮತ್ತೊಂದೂವರೆ. ನಡುವೆ ಕಣ್ಣೆದುರು ಬಿಳಿ ಹೊಗೆ. ಏನಾಯಿತೆಂದು ತಿಳಿಯದೆ ಕೂರುವ ಆ ಮೂರು ಸೆಕೆಂಡಿಗಾಗಿ ನನ್ನ ವಾರಾಂತ್ಯಗಳೆಲ್ಲ ಗ್ಯಾರೇಜಿನಲ್ಲಿ ಕಳೆಯುತ್ತವೆ.

ನನ್ನದು ಶಾರ್ಪ್ಸ್ ಕಂಪನಿಯ 1874ರ ಮಾದರಿಯ ಈಗಿನ ನಕಲು. ಮೂಲ ಕಂಪನಿ 1880ರ ದಶಕದ ಆರಂಭದಲ್ಲೇ ಬಾಗಿಲು ಹಾಕಿತು. ತೋಟಾದ ಹೆಸರು ‘45-70’, 1873ರಲ್ಲಿ ಅಮೆರಿಕದ ಸೈನ್ಯ ಆರಿಸಿಕೊಂಡದ್ದು. ಮೊದಲ ಸಂಖ್ಯೆ ಗುಂಡಿನ ಅಡ್ಡಳತೆ, ಇಂಚಿನ ನೂರನೇ ಭಾಗಗಳಲ್ಲಿ. ಎರಡನೆಯದು ಮದ್ದಿನ ತೂಕ, ಗ್ರೇನುಗಳಲ್ಲಿ. ಪೌಂಡಿಗೆ 7000 ಗ್ರೇನು. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ 70 ಗ್ರೇನೆಂದರೆ ಸುಮಾರು 37 ಗುಲಗಂಜಿ. ಈಗಿನ ಹಿತ್ತಾಳೆ ತೋಟಾಗಳ ತಳ ದಪ್ಪ. ಹೆಸರಿನಲ್ಲಿರುವ 70 ಒಳಗೆ ಹಿಡಿಸುವುದೇ ಕಷ್ಟ.

ಇಷ್ಟು ಮದ್ದಿಗೆ ಇಷ್ಟು ತೂಕದ ಗುಂಡು ಎಂದು ಯಾರಾದರೂ ಬರೆದುಕೊಟ್ಟರೆ ಕೆಲಸ ಮುಗಿಯಿತು ಎಂದು ಹೊಸಬರು ತಿಳಿಯುತ್ತಾರೆ. ಗುಟ್ಟಿನ ಪಾಕ ತಮ್ಮಲ್ಲಿದೆ ಎಂಬಂತೆ ಮೀಸೆ ತಿರುವುವ ಹಳಬರೂ ಇದ್ದಾರೆ. ನನಗೆ ಇದರಲ್ಲಿ ನಂಬಿಕೆ ಕಡಿಮೆ. ಕರಿಮದ್ದಿನ ಕೋವಿಯಲ್ಲಿ ಗುರಿ ಕೆಡಿಸುವುದು ಈಗ ಹಾರಲಿರುವ ಈಡಲ್ಲ, ಆಗಲೇ ಹಾರಿಹೋದದ್ದು.

ಪೆಟ್ಲುಪ್ಪು 75 ಪಾಲು, ಇದ್ದಿಲು 15, ಗಂಧಕ 10: ಕರಿಮದ್ದೆಂದರೆ ಇಷ್ಟೇ. ಹೊಗೆಯಿಲ್ಲದ ಹೊಸ ಮದ್ದು ಉರಿದರೆ ಹೆಚ್ಚೂಕಡಿಮೆ ಪೂರ್ತಿ ಅನಿಲವಾಗಿ ಹೊರಟುಹೋಗುತ್ತದೆ. ಕರಿಮದ್ದು ಉರಿದ ಮೇಲೂ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನವಾಗಿಯೇ ಉಳಿಯುತ್ತದೆ. ಅದರಲ್ಲಿ ಒಂದಷ್ಟು ಹೊಗೆಯ ಜೊತೆ ಹಾರುತ್ತದೆ, ಮಿಕ್ಕಿದ್ದು ನಳಿಗೆಯ ಒಳಮೈಗೆ ಹತ್ತುತ್ತದೆ. ಮುಂದಿನ ಗುಂಡು ಬರುವುದು ಅದರ ಮೇಲೆಯೇ. ರಾಟನ್ ಎತ್ತರದ ಒಣನಾಡು. ಮಸಿ ಅಲ್ಲಿ ನಿಮಿಷಗಳಲ್ಲಿ ಗಟ್ಟಿಕಟ್ಟಿ ಸೀಸವನ್ನು ಕೆರೆಯತೊಡಗುತ್ತದೆ. ಹತ್ತನೇ ಗುಂಡು ಎಲ್ಲಿಗೆ ಹೋಗುತ್ತದೆಂದು ಆಮೇಲೆ ಯಾರೂ ಹೇಳಲಾರರು. ಇವೇ ಕೋವಿಗಳನ್ನು ಹಿಡಿದು 1870ರ ದಶಕದಲ್ಲಿ ಬೈಸನ್ ಬೇಟೆಗೆ ಬಯಲಿಗಿಳಿದವರು, ನಳಿಗೆ ಕಾದು ಕಟ್ಟಿಕೊಂಡಾಗ ಕುಡಿಯುವ ನೀರನ್ನೇ ಅದಕ್ಕೆ ಸುರಿಯುತ್ತಿದ್ದರು. ಸುರಿದು ಮತ್ತೆ ಹೊಡೆಯುತ್ತಿದ್ದರು. ಕೋಟಿಗಳಲ್ಲಿದ್ದ ಆ ಪ್ರಾಣಿ 1880ರ ದಶಕ ಮುಗಿಯುವಾಗ ಕಾಡಿನಲ್ಲಿ ಕೆಲವು ನೂರಕ್ಕೆ ಇಳಿದಿತ್ತು. ಶಾರ್ಪ್ಸ್ ಕೋವಿಯನ್ನು ಹೊಗಳುವ ಕ್ಯಾಲೆಂಡರುಗಳು ಈ ಲೆಕ್ಕವನ್ನು ಅಚ್ಚುಹಾಕುವುದಿಲ್ಲ.

ನಾವು ನೀರು ಸುರಿಯುವುದಿಲ್ಲ, ಊದುತ್ತೇವೆ. ಖಾಲಿ ತೋಟಾದ ತಳ ಕೊರೆದು ಅದಕ್ಕೊಂದು ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿದ ಸಾಧನ. ಅದನ್ನು ಕೋವಿಯ ಹಿಂಬದಿಗೆ ಕೂರಿಸಿ, ಹೊಟ್ಟೆಯಿಂದ ಉಸಿರೆಳೆದು ನಿಧಾನ ಬಿಡುವುದು. ಉಸಿರಿನ ತೇವಕ್ಕೆ ಮಸಿ ಮೆತ್ತಗಾಗುತ್ತದೆ. ಮೊದಲ ಸಲ ಅದನ್ನು ಕೈಗೆ ಕೊಟ್ಟು ಹೇಗೆ ಹಿಡಿಯಬೇಕೆಂದು ತೋರಿಸಹೊರಟವರಿಗೆ ನಾನು ಹೇಳಲಿಲ್ಲ, ನಮ್ಮಲ್ಲಿ ಪ್ರತಿ ಒಲೆಯ ಪಕ್ಕದಲ್ಲೂ ಇಂಥದ್ದೊಂದು ಊದುಕೊಳವೆ ಇತ್ತೆಂದು. ಬೆಂಕಿ ಹೊತ್ತಿಸಲು ಊದಿದ ಮನೆತನದವನು ಈಗ ಬೆಂಕಿಯ ಉಳಿಕೆ ನೆನೆಸಲು ಊದುತ್ತಿದ್ದೇನೆ. ಎಷ್ಟು ಉಸಿರು ಎಂಬುದೂ ಲೆಕ್ಕವೇ. ಬೆಳಿಗ್ಗೆಯ ತಂಪಿನಲ್ಲಿ ಮೂರು ಸಲ ಊದಿದರೆ ಸಾಕಾದದ್ದು ಮಧ್ಯಾಹ್ನದ ಬಿಸಿಲಿಗೆ ಸಾಲದು. ಮಳೆ ಮೋಡ ಕವಿದ ದಿನ ಅಷ್ಟೂ ಬೇಡ. ಮುಖ್ಯ ಮಾತೆಂದರೆ, ಪ್ರತಿ ಈಡಿನ ನಡುವೆ ಒಂದೇ ಸಮ ಇರಬೇಕು.

ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಅಡಿಕೆ ತೋಟಕ್ಕೆ ಬರುವ ಮಂಗಗಳನ್ನು ಹೆದರಿಸಲು, ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ. ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸರಳಿನಿಂದ ಗಿಡಿದು, ಮೇಲೊಂದು ಕೇಪು. ಚರೆ ಹಾಕಿದ್ದು ನಾನು ಕಂಡಿಲ್ಲ, ಸದ್ದೇ ಸಾಕಿತ್ತು. ಚುನಾವಣೆ ಬಂತೆಂದರೆ ಆ ಕೋವಿ ಪೊಲೀಸ್ ಠಾಣೆಗೆ ಹೋಗಿ ಕೂರುತ್ತಿತ್ತು. 1857ರಲ್ಲಿ ಹತಾರ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ಒಪ್ಪದೆ ಕಾದಾಡಿ ಸತ್ತರು. ನಮ್ಮಜ್ಜ ರಸೀದಿ ಜೇಬಿಗಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸು ಬರುತ್ತಿದ್ದರು. ಮಲೆನಾಡಿನ ಮಳೆಗಾಲದಲ್ಲಿ ಅವರ ಕಷ್ಟ ನನ್ನದಕ್ಕೆ ತಿರುವುಮುರುವು. ಮಸಿ ಒಣಗುವ ಮಾತಿಲ್ಲ, ಗಾಳಿಯ ತೇವವನ್ನೆಲ್ಲ ಹೀರಿ ರಾತ್ರಿ ಬೆಳಗಾಗುವುದರೊಳಗೆ ಕಬ್ಬಿಣ ತಿನ್ನುತ್ತದೆ. ಅದಕ್ಕೇ ಹೊಡೆದ ದಿನವೇ ಬಚ್ಚಲ ಹಂಡೆಯ ಕುದಿನೀರು ಸುರಿದು ನಳಿಗೆ ತೊಳೆಯುತ್ತಿದ್ದರು. ಕಪ್ಪು ನೀರು, ಕೊಳೆತ ಮೊಟ್ಟೆಯ ವಾಸನೆ. ಮೊಟ್ಟೆ ಒಳಗೆ ಬರದ ಮನೆಯಲ್ಲಿ ಆ ವಾಸನೆಯ ಪರಿಚಯ ನಮಗೆಲ್ಲ ಆದದ್ದೇ ಹಾಗೆ.

ತೋಟಾ ತುಂಬುವ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಮದ್ದು ಇಳಿಸುವುದು. ಎರಡಡಿಗೂ ಉದ್ದದ ತೆಳು ಹಿತ್ತಾಳೆ ಕೊಳವೆಯ ಮೇಲಿಂದ ತೂಗಿದ ಮದ್ದನ್ನು ಮೆಲ್ಲಗೆ ಸುರಿದರೆ ಕಾಳುಗಳು ಒಂದರ ಸಂದಿಗೆ ಒಂದು ಬಿದ್ದು ಒತ್ತಾಗಿ ಕೂರುತ್ತವೆ. ಪಾವಿಗೆ ಅಕ್ಕಿ ತುಂಬಿ ನಾಲ್ಕು ಸಲ ಕುಟ್ಟಿದರೆ ಮೇಲೆ ಜಾಗವಾಗುವ ಹಾಗೆ. ಮೇಲೊಂದು ಗಟ್ಟಿ ಕಾಗದದ ಬಿಲ್ಲೆ. ಅದನ್ನು ಅಚ್ಚಿನಲ್ಲಿ ಸ್ವಲ್ಪ ಒತ್ತಬೇಕು. ಮದ್ದಿಗೂ ಗುಂಡಿಗೂ ನಡುವೆ ಗಾಳಿ ಉಳಿಯಬಾರದು. ಇದು ಗುರಿಯ ವಿಷಯ ಮಾತ್ರವಲ್ಲ, ನಳಿಗೆ ಉಬ್ಬದಂತೆ ಉಳಿಯುವ ವಿಷಯವೂ ಹೌದು. ಎಷ್ಟು ಒತ್ತಬೇಕು? ಒಂದೊಂದು ಮದ್ದಿಗೆ ಒಂದೊಂದು. ಒತ್ತು ಬದಲಿಸಿದರೆ ಉರಿ ಬದಲಾಗುತ್ತದೆ, ಉರಿ ಬದಲಾದರೆ ಮಸಿಯ ಗುಣ ಬದಲಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸು ಎಂಬುದು ನಿಯಮ. ಈ ವಾರ ಒತ್ತು, ಮುಂದಿನ ವಾರ ಬಿಲ್ಲೆಯ ದಪ್ಪ, ಅದರ ಮುಂದಿನದು ಸೀಸಕ್ಕೆ ಬೆರೆಸುವ ತವರದ ಪಾಲು. ವೃತ್ತಿಯಲ್ಲಿ ಸಾಫ್ಟ್‌ವೇರಿನವನಾದ ನನಗೆ ಈ ನಿಯಮ ಹೊಸದಲ್ಲ. ಅಲ್ಲಿ ಯಾರೂ ಪಾಲಿಸುವುದಿಲ್ಲ ಅಷ್ಟೆ.

ಗುಂಡಿನ ಸೊಂಟದ ಸುತ್ತ ಕಚ್ಚುಗಳಿರುತ್ತವೆ. ಮಸಿ ಮೆದುವಾಗಿರಲೆಂದು ಅವುಗಳಲ್ಲಿ ಜಿಡ್ಡು ತುಂಬಬೇಕು. ಪೆಟ್ರೋಲಿಯಂ ಗ್ರೀಸು ಆಗದು, ಮಸಿಯೊಂದಿಗೆ ಸೇರಿ ಡಾಂಬರಾಗುತ್ತದೆ. ಹಳಬರ ಕ್ರಮ ಜೇನುಮೇಣಕ್ಕೆ ಪ್ರಾಣಿಯ ಕೊಬ್ಬು ಬೆರೆಸುವುದು. ಪಕ್ಕದ ಬೆಂಚಿನ ಬಿಳಿಗಡ್ಡದ ಮುದುಕ ತನ್ನ ಕೈಯಾರೆ ಮಾಡಿದ ದನದ ಕೊಬ್ಬಿನ ಉಂಡೆಯೊಂದನ್ನು ಪ್ರೀತಿಯಿಂದ ನೀಡಿದಾಗ ನನ್ನ ಕೈ ತಾನಾಗಿ ಹಿಂದೆ ಸರಿಯಿತು. ಹಾಗಾಗಿ 1857ರ ಕಥೆ ಹೇಳಬೇಕಾಯಿತು. ಎನ್‌ಫೀಲ್ಡ್ ಕೋವಿಯ ತೋಟಾ ಕಾಗದದ್ದು. ಸಿಪಾಯಿ ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಹಚ್ಚಿದ್ದು ದನದ್ದೋ ಹಂದಿಯದ್ದೋ ಎಂಬ ಗುಮಾನಿ ಜನವರಿಯಲ್ಲಿ ಡಂಡಂನಲ್ಲಿ ಎದ್ದಿತು. ಜಿಡ್ಡಿಲ್ಲದ ತೋಟಾ ಕೊಡುತ್ತೇವೆ, ನಿಮಗೆ ಬೇಕಾದ್ದನ್ನು ನೀವೇ ಹಚ್ಚಿಕೊಳ್ಳಿ ಎಂದು ಆ ತಿಂಗಳೇ ಆಜ್ಞೆ ಹೊರಟಿತು. ತಡವಾಗಿತ್ತು, ಗುಮಾನಿ ಜಿಡ್ಡಿನಿಂದ ಕಾಗದಕ್ಕೆ ಹತ್ತಿಯಾಗಿತ್ತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಮುಟ್ಟಲಿಲ್ಲ. ಅಂದು ಕೊಟ್ಟದ್ದು ಹಳೆಯ ಬಗೆಯ ತೋಟಾಗಳೇ. ಮೇ 10ಕ್ಕೆ ಊರು ಹೊತ್ತಿ ಉರಿಯಿತು.

ಮುದುಕ ಗಡ್ಡ ನೀವುತ್ತ ಎಲ್ಲ ಕೇಳಿಸಿಕೊಂಡ. ಕೊನೆಗೆ ಗಂಭೀರವಾಗಿ ಕೇಳಿದ: “ಸಿಪಾಯಿಗಳು ತಾವೇ ಮಾಡಿಕೊಂಡರಲ್ಲ, ಆ ಮೇಣ-ಎಣ್ಣೆಯ ಪ್ರಮಾಣ ಎಷ್ಟಿತ್ತು?”

ನನ್ನದು ಜೇನುಮೇಣ ಮತ್ತು ಹರಳೆಣ್ಣೆ. ಹರಳೆಣ್ಣೆ ಇಂಡಿಯನ್ ಸ್ಟೋರಿನದು. “ರೀ, ತಲೆಗೆ ಹಚ್ಚಿಕೊಳ್ಳೋಕೆ ತಂದಿದ್ದು ಅದು” ಎಂದು ಮನೆಯಾಕೆಯ ತಕರಾರು ಇದ್ದೇ ಇದೆ. ಚಳಿಗಾಲಕ್ಕೆ ಎಣ್ಣೆ ಒಂದು ಪಾಲು ಹೆಚ್ಚು. ಮುದುಕ ಈಗ ಇದನ್ನೇ ಬಳಸುತ್ತಾನೆ.

ಮದ್ದಿನ ವಂಶಾವಳಿಯೂ ಹೀಗೇ ನಮ್ಮ ಕಡೆಗೆ ತಿರುಗುತ್ತದೆ. ನಾನು ಕೊಳ್ಳುವ ಗೋಯೆಕ್ಸ್ ಮದ್ದು ಮೂಲದಲ್ಲಿ ಡ್ಯುಪಾಂಟ್ ಕಂಪನಿಯದು. 1970ರ ದಶಕದಲ್ಲಿ ಅವರು ಕರಿಮದ್ದಿನ ವ್ಯಾಪಾರ ಕೈಬಿಟ್ಟಾಗ ಬೇರೆಯವರ ಪಾಲಾಯಿತು. 1861ರ ನವೆಂಬರಿನಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಸರ್ಕಾರ ಲ್ಯಾಮಟ್ ಡ್ಯುಪಾಂಟ್ ಎಂಬ ಮೂವತ್ತರ ಹರೆಯದವನನ್ನು ಸದ್ದಿಲ್ಲದೆ ಲಂಡನ್ನಿಗೆ ಕಳಿಸಿತು. ಬೇಕಿದ್ದದ್ದು ಪೆಟ್ಲುಪ್ಪು, ಅದು ಬರುತ್ತಿದ್ದದ್ದು ಭಾರತದಿಂದ. ಬಿಹಾರದ ಹಳ್ಳಿಗಳಲ್ಲಿ ನೋನಿಯಾ ಜನ ದನದ ಕೊಟ್ಟಿಗೆಯ ನೆಲ, ಹಳೆ ಮಣ್ಣುಗೋಡೆಯ ಬುಡ ಕೆರೆದು, ನೀರಿನಲ್ಲಿ ಕದಡಿ, ಕಾಯಿಸಿ ತೆಗೆಯುತ್ತಿದ್ದ ಉಪ್ಪು. ಲ್ಯಾಮಟ್ ಸಿಕ್ಕಿದ್ದೆಲ್ಲ ಕೊಂಡು ಹಡಗಿಗೆ ತುಂಬಿಸುವಷ್ಟರಲ್ಲಿ, ಅಮೆರಿಕದವರು ಬ್ರಿಟನ್ನಿನ ಹಡಗಿನಿಂದ ದಕ್ಷಿಣದ ರಾಯಭಾರಿಗಳಿಬ್ಬರನ್ನು ಎಳೆದೊಯ್ದ ಸುದ್ದಿ ಬಂತು. ಬ್ರಿಟನ್ ರಫ್ತು ನಿಲ್ಲಿಸಿತು. ಆ ಇಬ್ಬರನ್ನು ಬಿಟ್ಟ ಮೇಲೆಯೇ ಉಪ್ಪು ಅಟ್ಲಾಂಟಿಕ್ ದಾಟಿದ್ದು. ಬಿಹಾರದ ಕೊಟ್ಟಿಗೆಯ ಗೋಮೂತ್ರಕ್ಕೆ ಇಷ್ಟು ದೊಡ್ಡ ರಾಜಕಾರಣ. ಇನ್ನು ಗೋಯೆಕ್ಸ್ ಕಾರ್ಖಾನೆ ಮುಚ್ಚುವ ಸುದ್ದಿ 2021ರಲ್ಲಿ ಬಂದಾಗ ನಾವೆಲ್ಲ ಡಬ್ಬ ಎಣಿಸತೊಡಗಿದ್ದೆವು. 2022ರಲ್ಲಿ ಅದನ್ನು ಕೊಂಡದ್ದು ನಮ್ಮ ಕೊಲೊರಾಡೋದ ಎಸ್ಟೆಸ್. ಮಕ್ಕಳು ಹಾರಿಸುವ ಆಟದ ರಾಕೆಟ್ ಮಾಡುವವರು. ಆ ರಾಕೆಟ್ಟುಗಳ ಹೊಟ್ಟೆಯಲ್ಲಿರುವುದೂ ಕರಿಮದ್ದೇ. ರಾಕೆಟ್ ಎಂದೊಡನೆ ಶ್ರೀರಂಗಪಟ್ಟಣದ ಬಗ್ಗೆ ನಾಲ್ಕು ಮಾತಾಡದಿದ್ದರೆ ಯಾವ ಕನ್ನಡಿಗನಿಗೂ ನಿದ್ದೆ ಬಾರದು. ನಾನು ಹೇಗೋ ತಡೆದುಕೊಂಡಿದ್ದೇನೆ.

ಹೊಡೆದ ತೋಟಾಗಳನ್ನು ಮನೆಗೆ ತಂದು ಸೋಪಿನ ನೀರಿಗೆ ಹಾಕುತ್ತೇನೆ, ಇಲ್ಲದಿದ್ದರೆ ಹಿತ್ತಾಳೆ ಹಸಿರು ಹಿಡಿಯುತ್ತದೆ. ಉಳಿದವರು ವಿನಿಗರ್ ಬಳಸುತ್ತಾರೆ. ಊರಿಂದ ಬಂದ ಅಮ್ಮ ಒಂದು ದಿನ ಹುಣಸೆಹಣ್ಣು ನೆನೆಹಾಕಿ ಬುಟ್ಟಿಯ ಅಷ್ಟನ್ನೂ ಫಳಫಳ ಬೆಳಗಿಟ್ಟಿದ್ದಳು. “ಅಲ್ಲೋ, ಹಿತ್ತಾಳೆ ಅಂದ್ರೆ ಹಿತ್ತಾಳೆ. ದೀಪ ಆದ್ರೇನು, ಇದಾದ್ರೇನು?” ಗುರಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಮೈದಾನದಲ್ಲಿ ಮಾತ್ರ ನನ್ನ ಪೆಟ್ಟಿಗೆ ನೋಡಲು ಜನ ಸೇರಿದರು.

ಈ ಒಂಟಿ ತೋಟಾದ ಕೋವಿಗಳಿಗೆ ಮಾನ ತಂದುಕೊಟ್ಟದ್ದು ನ್ಯೂಯಾರ್ಕ್ ಪಕ್ಕದ ಕ್ರೀಡ್‌ಮೂರ್ ಮೈದಾನ. 1874ರ ಸೆಪ್ಟೆಂಬರ್ 26ರಂದು ಅಲ್ಲಿ ಐರ್ಲೆಂಡಿನ ತಂಡಕ್ಕೂ ಅಮೆರಿಕಕ್ಕೂ 800, 900, 1000 ಗಜಗಳ ಪಂದ್ಯ ನಡೆಯಿತು. ಐರಿಷರದ್ದು ಬಾಯಿಂದ ಮದ್ದು ತುಂಬುವ ರಿಗ್ಬಿ ಕೋವಿಗಳು, ಆತಿಥೇಯರದ್ದು ಹಿಂದಿನಿಂದ ತೋಟಾ ಹಾಕುವ ಶಾರ್ಪ್ಸ್ ಮತ್ತು ರೆಮಿಂಗ್ಟನ್. ಕೊನೆಯ ಈಡಿಗೆ ಮೊದಲು ಕರ್ನಲ್ ಬೋಡಿನ್ ಅವರ ಕೈಯಲ್ಲಿ ಜಿಂಜರ್ ಬಿಯರ್ ಬಾಟಲಿ ಸಿಡಿದು ರಕ್ತ ಸುರಿಯಿತು. ಕರವಸ್ತ್ರ ಸುತ್ತಿಕೊಂಡೇ ಗುರಿ ಹೊಡೆದರು. 934ಕ್ಕೆ 931. ಅಮೆರಿಕದವರು ಬೋಡಿನ್ ಕಥೆಯನ್ನು ಇಂದಿಗೂ ಹೇಳುತ್ತಾರೆ, ತೋಟಾದ ಕೋವಿಯೇ ಮೇಲೆಂದು ಸಾಬೀತಾಯಿತು ಎನ್ನುತ್ತಾರೆ. ನನಗೆ ನೆನಪಾಗುವುದು ಐರಿಷರ ಮಿಲ್ನರ್. ನಳಿಗೆ ಚೊಕ್ಕ, ಮದ್ದಿನ ತೂಕ ಸರಿ, ಗಾಳಿಯ ಲೆಕ್ಕ ಸರಿ. ಗುಂಡು ನೇರ ಹೋಗಿ ನಟ್ಟನಡುವಿನ 4 ಅಂಕದ ಬೊಟ್ಟಿಗೇ ಬಡಿಯಿತು. ಹಲಗೆ ಮಾತ್ರ ಪಕ್ಕದವರದ್ದು.